ಜಮಖಂಡಿ ಟ್ರಂಕಿನ್ಯಾಗಿನ ಸಣ್ಣ ಪ್ಲೇಟು: ಇಪಿ ಅಂದ್ರೇನು, ಹೆಂಗ ಹಚ್ಚೂದು, ಹೆಂಗ ತೊಳಿಯೂದು

ಜಮಖಂಡಿ ಸರ, ನೀವು ನಮ್ಮ ಗುಂಪಿನ್ಯಾಗ ಹಾಕಿದ ಫೋಟೊ ಎಲ್ಲಾ ದೊಡ್ಡದ ಮಾಡಿ ನೋಡೇನ್ರಿ. ಮುತ್ತ್ಯಾನ ಟ್ರಂಕಿನ್ಯಾಗ ಸಿಕ್ಕ ಈ ಸಣ್ಣ ಹಾಡಿನ ಪ್ಲೇಟು (ರೆಕಾರ್ಡು) ಏನು, ಮನ್ಯಾಗಿನ ಚಾವಿ ಗ್ರಾಮೋಫೋನಿನ ಮ್ಯಾಲ ಹಚ್ಚಬಹುದೇನು, ಹೆಂಗ ತೊಳೀಬೇಕು, ಗುಜರಿಯವ ಎಲ್ಲಾ ಸೇರಿಸಿ ಒಂದ ರೇಟ್ ಹೇಳ್ಯಾನ ಕೊಟ್ಟಬಿಡ್ಲೇನು ಅಂತ ಕೇಳೀರಿ. ಮೊದಲ ಚಾವಿ ಮಶೀನಿನ ಮಾತು ಮುಗಿಸ್ತೇನಿ. ಅದರ ಮ್ಯಾಲ ಇವನ್ನ ಇಡಬ್ಯಾಡ್ರಿ, ಒಂದ ಸಲನೂ ಬ್ಯಾಡ. ಮ್ಯಾಲ ಒಬ್ರು ಸ್ಪೀಡ್ ಕಡಿಮಿ ಮಾಡಿ ಹಚ್ಚಿ ನೋಡ್ರಿ ಅಂತ ಬರದಾರ, ಆದ್ರ ತೊಂದ್ರಿ ಇರೂದು ಸ್ಪೀಡಿನ್ಯಾಗಲ್ಲ, ಮುಳ್ಳಿನ್ಯಾಗ. ಚಾವಿ ಮಶೀನಿನ ಸೌಂಡ್ ಬಾಕ್ಸ್ (ಪಿನ್ನು ಹಿಡಿದಿರೂ ದುಂಡನ ಡಬ್ಬಿ) ಪ್ಲೇಟಿನ ಮ್ಯಾಲ 100 ಗ್ರಾಂಗಿಂತ ಹೆಚ್ಚು ಭಾರ ಹಾಕತೈತಿ, ಅದರ ಉಕ್ಕಿನ ಪಿನ್ನು 78ರ (ನಿಮಿಷಕ್ಕ 78 ಸುತ್ತು ತಿರಗೂ ಹಳೀ ಪ್ಲೇಟಿನ) ಅಗಲ ಗೆರಿಗೆ ಅಂತ ಮಾಡಿದ್ದು. ನಿಮ್ಮವು ವಿನೈಲ್ (ಒಂದ ಥರ ಪ್ಲಾಸ್ಟಿಕ್) ಪ್ಲೇಟು, ಗೆರಿ ಭಾಳ ಸಣ್ಣು. ಒಂದ ಸಲ ಆ ಪಿನ್ನು ಓಡಿತಂದ್ರ ಗೆರಿ ಕೆತ್ತಿಹೋಗತಾವ, ಆಮ್ಯಾಲ ಎಷ್ಟ ಚಲೋ ಮಶೀನಿನ್ಯಾಗ ಹಚ್ಚಿದ್ರೂ ಬರೇ ಸರಸರ ಅಂತೈತಿ.

ಇನ್ನ, 7 ಇಂಚಿನ ಪ್ಲೇಟು ಅಂದ್ರ ಎಲ್ಲಾ ಸಿಂಗಲ್ಲೇ ಅಂತ ಇನ್ನೊಬ್ರು ಹೇಳ್ಯಾರ, ಹಂಗಿಲ್ರಿ. ಸೈಜ್ ಒಂದ, ಒಳಗಿನ ಲೆಕ್ಕ ಬ್ಯಾರೆ. ಲೇಬಲ್ ಮ್ಯಾಲ ಹಾಡು ಎಣಿಸ್ರಿ. ಬದಿಗೆ ಒಂದ ಹಾಡಿದ್ರ ಸಿಂಗಲ್, ಬದಿಗೆ ಎರಡೆರಡಿದ್ರ ಇಪಿ, ಅಂದ್ರ ಎಕ್ಸ್‌ಟೆಂಡೆಡ್ ಪ್ಲೇ. ಶಾಸ್ತ್ರೀಯ ಸಂಗೀತದ್ದಾದ್ರ ಬದಿಗೆ ಒಂದ ಚೀಜ್ ಇದ್ರೂ ಅದು ಆರೇಳು ನಿಮಿಷದ್ದು ಇರಬಹುದು, ಆಗ ಅದೂ ಇಪಿನೇ. ನಿಮ್ಮ ಫೋಟೊದಾಗ ಕಾಣೋವು ಬಹಳಷ್ಟು ಇಪಿ ಅದಾವ.

ಇದು ಹೆಂಗ ಹುಟ್ಟಿತು ಅಂದ್ರ, 1948ರಾಗ ಅಮೆರಿಕಾದ ಕೊಲಂಬಿಯಾ ರೆಕಾರ್ಡ್ ಕಂಪನಿಯವ್ರು ನಿಮಿಷಕ್ಕ 33⅓ ಸುತ್ತಿನ ಸ್ಪೀಡಿನ 12 ಇಂಚಿನ ಎಲ್‌ಪಿ (ಲಾಂಗ್ ಪ್ಲೇ) ತಂದ್ರು, ಮರುವರ್ಷ ಆರ್‌ಸಿಎ ವಿಕ್ಟರ್‌ನವ್ರು ಅದಕ್ಕ ಎದುರಾಗಿ 7 ಇಂಚಿನ, 45 ಸುತ್ತಿನ ಪ್ಲೇಟು ತಂದ್ರು. ಪ್ಲೇಟು ಸಣ್ಣದು, ಹಗರದು, ಒಡಿಯೂದಿಲ್ಲ, ಎಲ್ಲಾ ಖರೆ, ಆದ್ರ ಬದಿಗೆ ಒಂದ ಹಾಡು, ಹಳೀ 78ರಷ್ಟ. ಎಲ್‌ಪಿ ಮುಂದ ಅದು ಸಾಲಲಿಲ್ಲ. ಅದಕ್ಕ 1952ರಾಗ ಅದೇ 45ರ ಪ್ಲೇಟಿನ್ಯಾಗ ಗೆರಿ ಒತ್ತಾಗಿ ಕೊರದು ಬದಿಗೆ ಏಳೂವರಿ ನಿಮಿಷದತನಕ ಹಿಡಿಸಿದ್ರು, ಅದ ಇಪಿ. 1954ರಾಗ ಇಂಗ್ಲೆಂಡಿನ ಇಎಂಐ ಕಂಪನಿಯವ್ರೂ ಶುರು ಮಾಡಿದ್ರು, ಅಲ್ಲಿ ಎಷ್ಟ ನಡೀತಂದ್ರ 1960ರಿಂದ 1967ರತನಕ ಇಪಿಗೇ ಬ್ಯಾರೆ ಚಾರ್ಟ್ (ಹೆಚ್ಚು ಮಾರಿದವುಗಳ ಪಟ್ಟಿ) ಇತ್ತು. ನಮ್ಮ ಕಡೆ ಗ್ರಾಮೋಫೋನ್ ಕಂಪನಿಯವ್ರು ಕಲ್ಕತ್ತಾದ ಡಮ್‌ಡಮ್ ಫ್ಯಾಕ್ಟರಿಯಿಂದ ಎಚ್‌ಎಂವಿ, ಕೊಲಂಬಿಯಾ, ಓಡಿಯನ್, ಏಂಜೆಲ್ ಲೇಬಲ್ ಹಚ್ಚಿ ಕಳಸ್ತಿದ್ರು. ಒಂದು ಸಿನಿಮಾದ ನಾಕು ಹಾಡು ಒಂದ ಪ್ಲೇಟಿನ್ಯಾಗ, ರೊಕ್ಕ ಎಲ್‌ಪಿಗಿಂತ ಕಡಿಮಿ. ನನ್ನ ಕೇಳಿದ್ರ ನಮ್ಮ ಸಣ್ಣ ಊರಿನ ಮನಿಗೆ ಹಾಡು ತಂದಿದ್ದು ಎಲ್‌ಪಿ ಅಲ್ರಿ, ಇಪಿ. ಜಾತ್ರಿ, ಲಗ್ನದ ಮೈಕ್‌ಸೆಟ್ಟಿನವ್ರೂ ಇವನ್ನ ಹಚ್ಚತಿದ್ರು. ಕ್ಯಾಸೆಟ್ ಬಂದ ಮ್ಯಾಲ ಎಲ್ಲಾ ಟ್ರಂಕ್ ಸೇರಿದ್ವು.

ಈಗ ಮುಖ್ಯ ಮಾತಿಗೆ ಬರ್ತೇನಿ, ಇದನ್ನ ತಿಳಕೊಂಡ್ರ ತೊಳಿಯೂದು ಹಚ್ಚೂದು ಎಲ್ಲಾ ತಾನ ತಿಳಿತೈತಿ. 7 ಇಂಚಿನ ಪ್ಲೇಟಿನ್ಯಾಗ ಗೆರಿ ಹಾಕಾಕ ಸಿಗೂ ಪಟ್ಟಿ ಸುಮಾರು 3 ಸೆಂಟಿಮೀಟರ್ ಅಷ್ಟ. 45 ಸ್ಪೀಡಿನ್ಯಾಗ ಮೂರು ನಿಮಿಷದ ಸಿಂಗಲ್ ಅಂದ್ರ 135 ಸುತ್ತು, ಏಳು ನಿಮಿಷದ ಇಪಿ ಬದಿ ಅಂದ್ರ 315 ಸುತ್ತು. ಅಂದ್ರ ಒಂದ ಮಿಲಿಮೀಟರಿನ್ಯಾಗ ಹತ್ತು ಗೆರಿ ಕೂಡಬೇಕು, ಸಿಂಗಲ್ಲಿನ್ಯಾಗ ನಾಕೈದಿದ್ರ ಸಾಕು. ಬಿತ್ತೂ ಮುಂದ ಸಾಲು ಒತ್ತಾದ್ರ ಪೈರು ಹಬ್ಬಾಕ ಜಾಗ ಸಿಗೂದಿಲ್ಲಲ್ಲ, ಹಂಗ. ಆವಾಜ್ ಜೋರಿದ್ದಷ್ಟು, ದಪ್ಪ ಸ್ವರ ಇದ್ದಷ್ಟು ಗೆರಿ ಎಡಕ್ಕ ಬಲಕ್ಕ ಹೆಚ್ಚು ತುಯ್ಯಬೇಕು, ಇಲ್ಲಿ ಅಷ್ಟು ಜಾಗ ಇಲ್ಲ, ಅದಕ್ಕ ಕೊರಿಯೂವಾಗನ ಆವಾಜ್ ತಗ್ಗಿಸಿ ಕೊರೀತಾರ. ಹಿಂಗಾಗಿ ಇಪಿ ಹಚ್ಚಿದಾಗ ಸಿಂಗಲ್ಲಿಗಿಂತ ಮೆತ್ತಗ ಕೇಳಸ್ತೈತಿ, ಅದು ಪ್ಲೇಟು ಕೆಟ್ಟಿದ್ದಲ್ಲ. ಆದ್ರ ಹಾಡು ಮೆತ್ತಗ ಆತಂದ್ರ ಧೂಳಿನ ಚಟಚಟ ಎದ್ದು ಕೇಳತೈತಿ. ಅದಕ್ಕ ಎಲ್ಲಾ ಪ್ಲೇಟಿಗಿಂತ ಇಪಿಗೆ ಸ್ವಚ್ಛತಾ ಹೆಚ್ಚು ಬೇಕು, ಮುಳ್ಳು ಹೆಚ್ಚು ಚಲೋದು ಬೇಕು. ಸಣ್ಣದೈತಿ ಅಂತ ಇದನ್ನ ಹಗರ ಮಾಡಿ, ಚಲೋ ಮುಳ್ಳು ಎಲ್‌ಪಿಗೆ ಮುರುಕ ಮಶೀನು ಇಪಿಗೆ ಅಂತ ಇಡೋವ್ರು ನಮ್ಮ ಗುಂಪಿನ್ಯಾಗೂ ಅದಾರ, ಅದು ಪೂರಾ ಉಲ್ಟಾ ಲೆಕ್ಕರಿ.

ಇನ್ನೊಂದು, ಬದಿಯ ಎರಡನೇ ಹಾಡು ಯಾವಾಗ್ಲೂ ಸ್ವಲ್ಪ ಒಡದಂಗ ಕೇಳಸ್ತೈತಿ. ಹೊರಗಿನ ಸುತ್ತಿನ್ಯಾಗ ಮುಳ್ಳಿನ ಕೆಳಗ ಸೆಕೆಂಡಿಗೆ 40 ಸೆಂಟಿಮೀಟರ್ ಹತ್ರ ಗೆರಿ ಓಡತೈತಿ, ಲೇಬಲ್ ಹತ್ರ ಬಂದಾಗ 25ಕ್ಕ ಇಳೀತೈತಿ. ಅಷ್ಟ ಹಾಡು ಕಡಿಮಿ ಉದ್ದದಾಗ ಹಿಡೀಬೇಕಾದ್ರ ಚೂಪು ಸ್ವರ, ಸ ಶ ಅಕ್ಷರ ಒಡೀತಾವ. ಮುಳ್ಳು ಸವದಿದ್ರ ಇದು ಎರಡ ಪಟ್ಟು.

ತೊಳಿಯೂ ಮೊದಲ ಬ್ಯಾರೆ ಬ್ಯಾರೆ ಮಾಡ್ರಿ. ಟ್ರಂಕಿನ್ಯಾಗ 10 ಇಂಚಿನ ಭಾರ ಪ್ಲೇಟೂ ಎರಡು ಕಂಡಾವ, ಅವು 78, ಅರಗಿನವು, ಕೆಳಗ ಬಿದ್ರ ಚೂರು. ನಮ್ಮ ಬೀಳಗಿಯ ಗಾಯಕಿ ಅಮೀರ್‌ಬಾಯಿ ಕರ್ನಾಟಕಿ ಹಾಡಿದ ಕಾಲದವು ಎಲ್ಲಾ ಅಂಥವ. ಅವಕ್ಕ ಸ್ಪಿರಿಟ್ ಮುಟ್ಟಸಬ್ಯಾಡ್ರಿ, ಅರಗು ಕರಗತೈತಿ, ಗೆರಿನೇ ಹೋಗತೈತಿ. ಮ್ಯಾಲ ಒಬ್ರು ಪೆಟ್ರೋಲ್ ಅರಿಬಿಲೆ ಒರಸ್ರಿ ಅಂದಾರ, ದಯಮಾಡಿ ಅದನ್ನ ಯಾರೂ ಮಾಡಬ್ಯಾಡ್ರಿ, ಅರಗಿನದಕ್ಕೂ ಬ್ಯಾಡ ವಿನೈಲಿಗೂ ಬ್ಯಾಡ.

ಇಪಿ ತೊಳಿಯಾಕ ಬೋರಿನ ನೀರು ಬಳಸಬ್ಯಾಡ್ರಿ. ನಮ್ಮ ವಿಜಯಪುರ ಬಾಗಲಕೋಟಿ ಕಡೆ ಸವಳು ನೀರು, ಒಣಗಿದ ಮ್ಯಾಲ ಗೆರಿಯೊಳಗ ಸುಣ್ಣ ಕೂಡತೈತಿ, ತೊಳಿಯೂಕಿಂತ ಮೊದಲಿದ್ದ ಚಟಚಟಕ್ಕಿಂತ ಹೆಚ್ಚಾಗತೈತಿ. ಬ್ಯಾಟರಿ ಅಂಗಡ್ಯಾಗ ಇನ್ವರ್ಟರಿಗೆ ಹಾಕೂ ಡಿಸ್ಟಿಲ್ ವಾಟರ್ ಸಿಗತೈತಿ, ಅದ ತರ್ರಿ. ಒಂದ ಲೀಟರಿಗೆ ಭಾಂಡೆ ತಿಕ್ಕೂ ಲಿಕ್ವಿಡ್ ಎರಡು ಹನಿ ಸಾಕು. ಮೊದಲ ಒಣ ಮೆತ್ತನ ಬ್ರಷ್‌ಲೆ ಎರಿ ಮಣ್ಣಿನ ಧೂಳ ತಗೀರಿ, ಒದ್ದಿ ಮಾಡಿ ತಿಕ್ಕಿದ್ರ ಅದ ಧೂಳ ಗೆರಿ ಗೀರತೈತಿ. ಆಮ್ಯಾಲ ಲೇಬಲ್ಲಿಗೆ ನೀರು ತಾಗದಂಗ ಹಿಡದು, ಗೆರಿ ಹೋದ ದಿಕ್ಕಿನ್ಯಾಗನ ಸುತ್ತ ಒರಸ್ರಿ, ಅಡ್ಡ ಒರಸಬ್ಯಾಡ್ರಿ, ಬರೇ ಡಿಸ್ಟಿಲ್ ವಾಟರಿನ್ಯಾಗ ಇನ್ನೊಂದ ಸಲ ತೊಳದು ನೆರಳಾಗ ನಿಂದ್ರಸಿ ಒಣಗಿಸ್ರಿ. ಬೆಳಗಾವಿ ಕಡೆಯವ್ರಿಗೆ ಮಳಿ ಹೆಚ್ಚು, ಬಿಳೀ ಬೂಸ್ಟ ಬಂದಿರ್ತೈತಿ, ಅವರು ಈ ಕೆಲಸ ಎರಡು ಸಲ ಮಾಡಬೇಕಾಗತೈತಿ, ಹಳೀ ಕಾಗದದ ಒಳ ಕವರು ಬದಲಿ ಮಾಡಲೇಬೇಕು, ಇಲ್ಲಂದ್ರ ಬೂಸ್ಟ ಮತ್ತ ಅದರಿಂದನ ಹತ್ತತೈತಿ.

ಒಣಗಿದ ಮ್ಯಾಲ ಬೆಳಕಿಗೆ ಓರಿ ಮಾಡಿ ನೋಡ್ರಿ. ಗೆರಿ ಕರ್ರಗ ಹೊಳೀತಿದ್ರ ಚಲೋ, ಬೂದಿ ಬಣ್ಣ ಇದ್ರ ಸವದೈತಿ. ನಡುವಿನ ತೂತಿನ ಸುತ್ತ ಲೇಬಲ್ ಮ್ಯಾಲ ಮಶೀನಿನ ನಡುವಿನ ಕಡ್ಡಿ ತಿಕ್ಕಿದ ಗೆರಿ ಹೆಚ್ಚಿದ್ರ ಭಾಳ ಸಲ ಹಚ್ಚ್ಯಾರ ಅಂತ ಅರ್ಥ. ಮೈಕ್‌ಸೆಟ್ಟಿನ ಅಂಗಡಿ ಶಿಕ್ಕಾ ಇದ್ದ ಪ್ಲೇಟು ಬಹಳಷ್ಟು ಹಂಗ ಇರ್ತಾವ. ನಿಮ್ಮ ಒಂದು ಪ್ಲೇಟಿಗೆ ನಡುವ ದೊಡ್ಡ ತೂತೈತಿ, 38 ಮಿಲಿಮೀಟರಿಂದು, ಅದು ಒಡದಿದ್ದಲ್ಲ, ಅಡಾಪ್ಟರ್ (ತೂತು ತುಂಬೂ ಸಣ್ಣ ಬಿಲ್ಲಿ) ಹಾಕಿ ಹಚ್ಚಬೇಕು. ಮತ್ತ ಪ್ರತಿಯೊಂದಕ್ಕೂ ಲೇಬಲ್ ಮ್ಯಾಲ ಸ್ಪೀಡ್ ಓದ್ರಿ, 7 ಇಂಚಿನ್ಯಾಗ 33ರವೂ ಒಂದೊಂದು ಬರ್ತಾವ.

ಮಶೀನಿನ ಮಾತು. ನಿಮ್ಮ ಕಾಕಾನ ಮನ್ಯಾಗ ಎಚ್‌ಎಂವಿ ಫಿಯೆಸ್ಟಾ ರೆಕಾರ್ಡ್ ಪ್ಲೇಯರ್ ಐತಿ ಅಂದ್ರಿ, ಅದು ಚಲೋ ಮಶೀನು, ಮುಚ್ಚಳದಾಗನ ಸ್ಪೀಕರ್ ಇರೂದು. ಆದ್ರ ಹಳೀ ಮುಳ್ಳಿನ್ಯಾಗ ಹಚ್ಚಬ್ಯಾಡ್ರಿ, ಮೊದಲ ಹೊಸಾ ಮುಳ್ಳು. ಅಂಥಾದ್ರಾಗ ಮುಳ್ಳು ತಿರಗಸೂ ಹಿಡಿಕಿ ಇದ್ರ ನೋಡ್ರಿ, ಒಂದು ಬದಿ 78ಕ್ಕ, ಇನ್ನೊಂದು ಎಲ್‌ಪಿಗೆ. ಇಪಿಗೆ ಎಲ್‌ಪಿ ಬದಿನೇ. 78ರ ಮುಳ್ಳಿನ ತುದಿ 75 ಮೈಕ್ರಾನ್ ಹತ್ರ, ಇಪಿಗೆ 25 ಅಥವಾ ಅದಕ್ಕೂ ಸಣ್ಣು. ಹೊಸಾ ಟರ್ನ್‌ಟೇಬಲ್ ತಗೊಳ್ಳೂದಾದ್ರ ಭಾರ ಎರಡು ಗ್ರಾಂ ಆಸುಪಾಸು ಹೊಂದಿಸಾಕ ಬರೂವಂಥಾದ್ದು, ಮ್ಯಾಗ್ನೆಟಿಕ್ ಕಾರ್ಟ್ರಿಜ್ (ಮುಳ್ಳು ಕೂಡೂ ಸಣ್ಣ ಭಾಗ) ಇದ್ದದ್ದು ತಗೋರಿ, ಫೋನೊ ಪ್ರಿಆಂಪ್ ಮರೀಬ್ಯಾಡ್ರಿ. ಕೊರಿಯೂವಾಗ ದಪ್ಪ ಸ್ವರ ತಗ್ಗಿಸಿ ಸಣ್ಣ ಸ್ವರ ಏರಿಸಿ ಕೊರದಿರ್ತಾರ, ಪ್ರಿಆಂಪ್ ಅದನ್ನ ವಾಪಸ್ ಸರಿ ಮಾಡತೈತಿ. ಅದಿಲ್ಲಂದ್ರ ತಬಲಾದ ಬಾಯಾ ಕೇಳಸೂದೇ ಇಲ್ಲ.

ಇಡೂದು ನಿಂದ್ರಿಸೇ ಇಡ್ರಿ, ಒಂದರ ಮ್ಯಾಲ ಒಂದು ಒಟ್ಟಬ್ಯಾಡ್ರಿ. ಪತ್ರಾಸಿನ ಕೋಲಿ, ಬಿಸಲಾಗ ನಿಂತ ಕಾರು, ಎರಡೂ ಬ್ಯಾಡ, ನಮ್ಮ ಏಪ್ರಿಲ್ ಮೇ ಬಿಸಲಿಗೆ ವಿನೈಲ್ ಡೊಂಕಾಗತೈತಿ. ಜಂತಿ ಮನಿ ಮಾಳಗಿ ಕೆಳಗ ತಂಪಿರೂ ಜಾಗ ಸಾಕು.

ನಡುವ ಒಬ್ಬ ಹುಡುಗ ಈಗಿನ ಬ್ಯಾಂಡಿನವ್ರು ಇಪಿ ಬಿಟ್ಟೀವಿ ಅಂತಾರಲ್ಲ ಅದೂ ಇದೇನು ಅಂತ ಕೇಳ್ಯಾನ. ಹೌದಪಾ, ಅದೇ. ಪ್ಲೇಟು ಹೋತು, ಅಳತಿ ಉಳೀತು. ಆಪಲ್, ಸ್ಪಾಟಿಫೈದಾಗ ನಾಕರಿಂದ ಆರು ಹಾಡು, ಅರ್ಧ ತಾಸಿನೊಳಗ ಇದ್ರ ಇಪಿ ಅಂತ ಹಿಡೀತಾರ. ಐದು ಹಾಡು ಚಲೋ ಅದಾವ ಅಂದ್ರ ಇನ್ನೈದು ಜೋಡಸಿ ಆಲ್ಬಂ ಮಾಡಾಕ ಹೋಗಬ್ಯಾಡ, ಐದನ್ನ ಬಿಡು.

ಮಾರೂ ಮಾತು ಕಡೀಕ ಇಟ್ಟೇನಿ. ಗುಜರಿಯವಗ ಒಟ್ಟಿಗೆ ಕೊಡಬ್ಯಾಡ್ರಿ. ಹಿಂದಿ ಸಿನಿಮಾದ ಇಪಿ ಎಲ್ಲಾ ಕಡೆ ಸಿಗತಾವ, ಅವನ್ನ ಕೊಟ್ರೂ ನಡೀತೈತಿ. ಆದ್ರ ಫೋಟೊದಾಗ ಮರಾಠಿ ನಾಟ್ಯಗೀತದವು, ಕನ್ನಡ ಭಾವಗೀತಿ, ದೇವರ ಹಾಡಿನವು ಕಾಣತಾವಲ್ಲ, ಅಂಥವು ಎಷ್ಟೋ ಕ್ಯಾಸೆಟ್ಟಿಗೆ ಬರಲಿಲ್ಲ, ಸಿಡಿಗೂ ಬರಲಿಲ್ಲ, ಪ್ಲೇಟು ಹೋತಂದ್ರ ಆ ಹಾಡ ಹೋತು. ಅವನ್ನ ಮೊದಲ ತೊಳದು, ಪ್ರಿಆಂಪಿನಿಂದ ಕಂಪ್ಯೂಟರಿಗೆ ಜೋಡಿಸಿ ಆಡಾಸಿಟಿ ಅನ್ನೂ ಸಾಫ್ಟ್‌ವೇರಿನ್ಯಾಗ ವೇವ್ ಫೈಲ್ ಮಾಡ್ರಿ, ಎಂಪಿತ್ರೀ ಆಮ್ಯಾಲ ಮಾಡಾಕ ಬರ್ತೈತಿ. ಯೂಟ್ಯೂಬಿಗೆ ಏರಸೂ ಮೊದಲ ವರ್ಷ ನೋಡ್ರಿ, ನಮ್ಮ ಕಾಯ್ದೆದಾಗ ರೆಕಾರ್ಡಿಂಗ್ ಹಕ್ಕು ಬಿಡುಗಡಿಯಾದ ಮ್ಯಾಲ 60 ವರ್ಷ, ಬರದವ್ರ ಹಕ್ಕು ಅವರು ತೀರಿದ ಮ್ಯಾಲ 60 ವರ್ಷ ನಡೀತೈತಿ. ಸದ್ಯ ಪ್ರತಿ ಪ್ಲೇಟಿನ ಎರಡೂ ಬದಿ ಲೇಬಲ್, ಕವರಿನ ಹಿಂದಿನ ಬದಿ, ಲೇಬಲ್ ಪಕ್ಕದ ಖಾಲಿ ಪಟ್ಟಿ ಮ್ಯಾಲ ಕೊರದಿರೂ ನಂಬರ್, ಇಷ್ಟರ ಫೋಟೊ ತಗದು ಇಲ್ಲೇ ಹಾಕ್ರಿ. ಯಾವುದು ಇಟ್ಟಕೋಬೇಕು, ಯಾವುದು ಕೊಡಬಹುದು ಅಂತ ಒಂದೊಂದಾಗಿ ಹೇಳ್ತೇನಿ, ಅಲ್ಲೀತನಕ ಗುಜರಿಯವಗ ತಡಿ ಅನ್ರಿ.