ಬಸ್ಸು ಬಾರದ ಬಸ್ ಸ್ಟ್ಯಾಂಡು

ಪತ್ರ: ಬೈಪಾಸ್ ಆದಮೇಲೆ ನಮ್ಮೂರ ಹಳೇ ಬಸ್ ಸ್ಟ್ಯಾಂಡಿಗೆ ಬಸ್ಸೇ ಬರುತ್ತಿಲ್ಲ, ಪಾಳು ಬಿದ್ದಿದೆ. ಕೆಡವಿ ಮಳಿಗೆ ಕಟ್ಟಿಸುತ್ತೇವೆ ಅಂತ ಪಂಚಾಯಿತಿಯವರು. ಪ್ಯಾರಿಸ್ಸಿನ ಓರ್ಸೆ ರೈಲು ನಿಲ್ದಾಣದ ಹಾಗೆ ಮ್ಯೂಸಿಯಂ ಮಾಡಬಾರದೇ ಅಂತ ನಾವು ಒಂದಿಷ್ಟು ಹುಡುಗರು. ಏನಂತೀರಿ?
— ಓದುಗರೊಬ್ಬರು, ಚಳ್ಳಕೆರೆ ತಾಲ್ಲೂಕು

ಸಂಪಾದಕರ ಉತ್ತರ: ಕೆಡವಲು ಬಿಡಬೇಡಿ. ಮ್ಯೂಸಿಯಂ ಮಾತ್ರ ಬೇಡ. ದುರ್ಗದ ಕೋಟೆ ಇರುವ ಜಿಲ್ಲೆಯಲ್ಲಿ ನಿಮ್ಮೂರ ಟಿಕೆಟ್ ಪೆಟ್ಟಿಗೆ ನೋಡಲು ಯಾರು ಬಂದಾರು? ಟೇಪು ಕತ್ತರಿಸಿದ ಮರುವಾರವೇ ಬೀಗ ಬೀಳುತ್ತದೆ. 1900ರಲ್ಲಿ ಶುರುವಾದ ಓರ್ಸೆಗೆ 1939ರ ಹೊತ್ತಿಗೆ ಉದ್ದದ ರೈಲುಗಳು ಹಿಡಿಸಲಿಲ್ಲ, ಪ್ಲಾಟ್‌ಫಾರಂ ಗಿಡ್ಡವಾಯಿತು. ಮ್ಯೂಸಿಯಂ ತೆರೆದದ್ದು 1986ರಲ್ಲಿ. ಅಷ್ಟು ವರ್ಷ ಕಾಯಲು ಅದರ ಬೆನ್ನಿಗೆ ಪ್ಯಾರಿಸ್ಸು ಇತ್ತು. ನಿಮಗೆ ಪಾಠ ಬೇಕಿದ್ದರೆ ಇಂಗ್ಲೆಂಡಿನ ಪ್ರೆಸ್ಟನ್ ನೋಡಿ: 1969ರ ಕಾಂಕ್ರೀಟ್ ಬಸ್ ನಿಲ್ದಾಣವನ್ನು ನಗರಾಡಳಿತವೇ ಕೆಡವಲು ಹೊರಟಿತ್ತು. 2013ರಲ್ಲಿ ಅದು ಪಾರಂಪರಿಕ ಪಟ್ಟಿಗೆ ಸೇರಿತು, ದುರಸ್ತಿಯಾಗಿ ಇವತ್ತಿಗೂ ಬಸ್ ನಿಲ್ದಾಣವಾಗಿಯೇ ಇದೆ.

ನಿಮ್ಮ ಪತ್ರ ಬಂದ ಮೇಲೆ ದಾವಣಗೆರೆಯಿಂದ ಹೊರಟು ಒಮ್ಮೆ ಬಂದು ನೋಡಿದೆ. ನೀವು 'ಪಾಳು' ಅಂದಿದ್ದೀರಿ. ನಾನು ಹೋದ ಮಧ್ಯಾಹ್ನ ಕಲ್ಲುಬೆಂಚಿನ ಮೇಲೆ ಇಬ್ಬರು ಅಜ್ಜಂದಿರು ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ಒಬ್ಬಾಕೆ ಶೇಂಗಾ ಚೀಲಕ್ಕೆ ಒರಗಿ ಮಗುವಿಗೆ ಹಾಲೂಡಿಸುತ್ತ ಆಟೋ ಕಾಯುತ್ತಿದ್ದಳು. ಬಸ್ಸು ಬಿಟ್ಟಿರಬಹುದು, ಜನ ಬಿಟ್ಟಿಲ್ಲ. ಅವರನ್ನು ಎಬ್ಬಿಸುವ ಯಾವ ಯೋಜನೆಗೂ ನನ್ನ ಒಪ್ಪಿಗೆ ಇಲ್ಲ.

ಮೊದಲು ಚಾವಣಿ. ಪೂರ್ವದ ಮೂಲೆಯಲ್ಲಿ ಗಾರೆ ಉದುರಿ ಕಂಬಿ ಕಾಣುತ್ತಿದೆ. ತುಕ್ಕು ಹಿಡಿದ ಕಂಬಿ ಊದುತ್ತದೆ, ಊದಿ ಕಾಂಕ್ರೀಟನ್ನೇ ಸೀಳುತ್ತದೆ. ಮೇಲೆ ಸಿಮೆಂಟ್ ಮೆತ್ತಿ ಬಣ್ಣ ಬಳಿದರೆ ಎರಡು ಮಳೆಗಾಲಕ್ಕೆ ಮತ್ತೆ ಉದುರೀತು. ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತ ಹೋಗಿ: ಗಟ್ಟಿಯಿದ್ದಲ್ಲಿ 'ಠಣ್', ಬಿಟ್ಟುಕೊಂಡಲ್ಲಿ 'ಬೊದ್'. ಬೊದ್ ಎಂದದ್ದನ್ನೆಲ್ಲ ಕೆತ್ತಿ, ಕಂಬಿ ಉಜ್ಜಿ, ಸವೆದಲ್ಲಿ ಹೊಸದು ಕಟ್ಟಿ ತುಂಬಬೇಕು. ಅದಕ್ಕೂ ಮುಂಚೆ ನೀರು ಎಲ್ಲಿಂದ ಇಳಿಯುತ್ತಿದೆ ಅಂತ ಹುಡುಕಿ. ಚಾವಣಿ ನಿಲ್ಲುತ್ತದೋ ಇಲ್ಲವೋ ಹೇಳಬೇಕಾದವರು ಸ್ಟ್ರಕ್ಚರಲ್ ಇಂಜಿನಿಯರು, ನಾನೂ ಅಲ್ಲ ಗುತ್ತಿಗೆದಾರರೂ ಅಲ್ಲ.

ಜಾಗ ಸಾರಿಗೆ ನಿಗಮದ್ದೋ ಪಂಚಾಯಿತಿಯದ್ದೋ ಅಂತಲೂ ತಿಳಿದುಕೊಳ್ಳಿ. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು.

ಪಂಚಾಯಿತಿಯವರ ಬಾಡಿಗೆ ಆಸೆ ತಪ್ಪಲ್ಲ. ಹಳೇ ಕ್ಯಾಂಟೀನ್ ಕೋಣೆಯನ್ನು ಅವರು ಹರಾಜು ಹಾಕಲಿ, ಆ ದುಡ್ಡು ಚಾವಣಿಗೆ ಹೋಗಲಿ. ಟಿಕೆಟ್ ಕೋಣೆ, ಲಗೇಜ್ ಕೋಣೆ ಸೇರಿಸಿ ಗ್ರಂಥಾಲಯ ಮಾಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ 'ಅರಿವು ಕೇಂದ್ರ'ಗಳಾಗಿವೆ. ನಿಮ್ಮೂರಿನದು ಪಂಚಾಯಿತಿ ಕಚೇರಿಯ ಹಿಂದೆ ಒಂದೇ ಕಿಟಕಿಯ ಕೋಣೆಯಲ್ಲಿದೆ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಕಟ್ಟುವ ಊರಿನವರು ಇಷ್ಟು ಕೇಳಲು ಅಂಜಬೇಕಿಲ್ಲ. ಬೆಂಚು ಇರುವ ಪಡಸಾಲೆ ಈಗಿನ ಹಾಗೇ ಇರಲಿ, ಒಂದು ದೀಪ, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ ಸೇರಿದರೆ ಸಾಕು.

ಟೈಮ್ ಕೀಪರ್ ಕಿಂಡಿಯನ್ನು ಇಟ್ಟಿಗೆಯಿಟ್ಟು ಮುಚ್ಚಬೇಡಿ. ಅದರ ಕಲ್ಲಿನ ಅಂಚು ಮೊಣಕೈ ಊರಿ ಊರಿ ನುಣ್ಣಗಾಗಿದೆ. ಪುಸ್ತಕ ಕೊಟ್ಟು ತಗೊಳ್ಳಲು ಅಷ್ಟು ಅಗಲ ಧಾರಾಳವಾಯಿತು.