ಜಿಂಕೆಗಳ ಕಾಟವಿರುವಲ್ಲಿ ಮನೆಯ ಕೈತೋಟದಲ್ಲಿ ತರಕಾರಿ ಬೆಳೆಯಲು ಸಾಧ್ಯವೇ?

ನಾಲ್ಕು ಅಡಿ ಎತ್ತರದ ತಂತಿಬೇಲಿ ಇದ್ದರೂ ಹುರುಳಿಕಾಯಿ ಮತ್ತು ಸೊಪ್ಪಿನ ಮಡಿಗಳು ರಾತ್ರೋರಾತ್ರಿ ಬೋಳಾಗುತ್ತಿವೆ, ಸಾಬೂನು ಕಟ್ಟಿದ್ದೂ ಚೆಂಡುಹೂ ನೆಟ್ಟದ್ದೂ ಪ್ರಯೋಜನಕ್ಕೆ ಬಂದಿಲ್ಲ, ತರಕಾರಿ ಬೆಳೆಯುವುದನ್ನೇ ಬಿಡಬೇಕೇ ಎಂದು ಕೇಳಿದ್ದೀರಿ. ಬಿಡಬೇಕಾಗಿಲ್ಲ. ಜಿಂಕೆಗಳು ಓಡಾಡುವ ಜಾಗದಲ್ಲಿಯೇ ಹಲವು ವರ್ಷಗಳಿಂದ ತರಕಾರಿ ಬೆಳೆದುಕೊಂಡು ಬಂದಿರುವ ನನ್ನ ಅಭಿಪ್ರಾಯವೆಂದರೆ, ನಿಮ್ಮ ಖರ್ಚು ಮತ್ತು ಶ್ರಮದ ಬಹುಪಾಲು ಬೇಲಿಗೇ ಹೋಗಬೇಕು. ಉಳಿದ ಉಪಾಯಗಳು ಬೇಲಿಗೆ ಪೂರಕವಾಗಬಲ್ಲವೇ ಹೊರತು ಅದರ ಬದಲಿಗೆ ನಿಲ್ಲಲಾರವು.

ಆದರೆ ಬೇಲಿಗೆ ಕೈಹಾಕುವ ಮೊದಲು, ತಿನ್ನುತ್ತಿರುವುದು ಜಿಂಕೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಜಿಂಕೆಯ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲುಗಳಿರುವುದಿಲ್ಲ, ಗಟ್ಟಿಯಾದ ವಸಡು ಮಾತ್ರ ಇರುತ್ತದೆ. ಕೆಳಗಿನ ಹಲ್ಲುಗಳನ್ನು ಅದಕ್ಕೆ ಒತ್ತಿ ಹಿಡಿದು ಕುಡಿಯನ್ನು ಜಗ್ಗಿ ಹರಿಯುವುದರಿಂದ, ಉಳಿದ ದಂಟಿನ ತುದಿ ಸೀಳಿಕೊಂಡು ನಾರು ನಾರಾಗಿರುತ್ತದೆ. ಮೊಲ ಕತ್ತರಿಸಿದ ದಂಟಾದರೆ ಚಾಕುವಿನಿಂದ ಓರೆಯಾಗಿ ಕೊಯ್ದಂತೆ ನುಣುಪಾಗಿರುತ್ತದೆ, ಮತ್ತು ಅದರ ಹಾವಳಿ ಎರಡು ಅಡಿಗಿಂತ ಮೇಲಕ್ಕೆ ಸಾಮಾನ್ಯವಾಗಿ ಹೋಗುವುದಿಲ್ಲ. ಬಸವನಹುಳುವಾದರೆ ದಂಟು ಹರಿಯುವುದಿಲ್ಲ. ಎಲೆಯಲ್ಲಿ ತೂತು, ನೆಲದ ಮೇಲೆ ಅಂಟಿನ ಜಾಡು ಇರುತ್ತದೆ. ಹಸಿಮಣ್ಣಿನಲ್ಲಿ ಮುಂದಕ್ಕೆ ಚೂಪಾದ, ಎರಡು ಸೀಳಿನ ಗೊರಸಿನ ಗುರುತೋ ಗುಂಪು ಗುಂಪಾಗಿ ಬಿದ್ದ ಹಿಕ್ಕೆಯೋ ಕಂಡರೆ ಅನುಮಾನಕ್ಕೆ ಆಸ್ಪದವಿಲ್ಲ.

ಇನ್ನು ಬೇಲಿಯ ವಿಚಾರ. ದೊಡ್ಡ ಜಾತಿಯ ಜಿಂಕೆಗಳು ಏಳು ಅಡಿಯವರೆಗೂ ನೆಗೆಯಬಲ್ಲವಾದ್ದರಿಂದ 8 ಅಡಿ ಎತ್ತರದ ಬೇಲಿ ಬೇಕೆಂದು ಎಲ್ಲರೂ ಹೇಳುತ್ತಾರೆ, ಮತ್ತು ವಿಶಾಲವಾದ ತೋಟಕ್ಕೆ ಆ ಮಾತು ಸರಿಯೇ. ಆದರೆ ಜಿಂಕೆ ಎಷ್ಟು ಎತ್ತರ ನೆಗೆಯಬಲ್ಲದು ಎಂಬುದಕ್ಕಿಂತ ಯಾವಾಗ ನೆಗೆಯಲು ಮನಸ್ಸು ಮಾಡುತ್ತದೆ ಎಂಬುದು ಮನೆಯ ತೋಟಕ್ಕೆ ಹೆಚ್ಚು ಮುಖ್ಯವೆಂದು ನಾನು ಭಾವಿಸುತ್ತೇನೆ. ಆಚೆ ಬದಿಯಲ್ಲಿ ಕಾಲೂರಲು ತೆರವಾದ ಜಾಗ ಕಾಣದಿದ್ದರೆ, ಅಥವಾ ಒಳಹೊಕ್ಕ ಮೇಲೆ ಓಡಿ ಹೊರಬರುವುದು ಕಷ್ಟವೆನಿಸಿದರೆ, ಅದು ಹಿಂಜರಿಯುತ್ತದೆ. ಆದ್ದರಿಂದಲೇ ಹತ್ತು ಹನ್ನೆರಡು ಅಡಿ ಅಗಲದ, ಒಳಗೆಲ್ಲ ಮಡಿ, ಗೂಟ, ಚಪ್ಪರಗಳಿಂದ ಕಿಕ್ಕಿರಿದ ಕಿರಿದಾದ ಆವರಣಕ್ಕೆ ಐದು ಅಡಿಯ ಬೇಲಿಯೂ ಹಲವೊಮ್ಮೆ ಸಾಕಾಗುತ್ತದೆ. ಒಳಗೇನಿದೆಯೆಂದು ಕಾಣಿಸದ ಆರು ಅಡಿಯ ಹಲಗೆಯ ಬೇಲಿ, ಅದಕ್ಕಿಂತ ಎತ್ತರದ ತಂತಿಬೇಲಿಯಷ್ಟೇ ಕೆಲಸ ಮಾಡುತ್ತದೆ.

ನಿಮ್ಮ ಈಗಿನ ಬೇಲಿಯನ್ನು ಕಿತ್ತುಹಾಕುವ ಅಗತ್ಯವೂ ಇಲ್ಲ. ಜಿಂಕೆ ಎತ್ತರವಾಗಿ ನೆಗೆಯಬಲ್ಲದು, ದೂರಕ್ಕೂ ನೆಗೆಯಬಲ್ಲದು, ಆದರೆ ಒಂದೇ ನೆಗೆತದಲ್ಲಿ ಎರಡನ್ನೂ ಸಾಧಿಸುವುದು ಅದಕ್ಕೆ ಕಷ್ಟ. ಹಳೆಯ ಬೇಲಿಯಿಂದ ನಾಲ್ಕು ಅಡಿ ಹೊರಗೆ ಅಷ್ಟೇ ಎತ್ತರದ ಇನ್ನೊಂದು ಬೇಲಿಯನ್ನು ಸುತ್ತಲೂ ಎಳೆದರೆ, ಎರಡನ್ನೂ ಒಟ್ಟಿಗೆ ದಾಟಲು ಬೇಕಾದ ದೂರ ಅಂದಾಜಿಗೆ ಸಿಗುವುದಿಲ್ಲ, ನಡುವೆ ಇಳಿದು ಮತ್ತೆ ನೆಗೆಯಲು ಜಾಗವೂ ಸಾಲುವುದಿಲ್ಲ. ಆ ಓಣಿಯಲ್ಲಿ ಕಳೆ ಬೆಳೆಯುತ್ತದೆ, ಅದನ್ನು ಕೀಳುವುದೊಂದು ತಲೆನೋವು. ಆದರೂ ಎಂಟು ಅಡಿಯ ಕಂಬಗಳನ್ನು ಹೂಳುವುದಕ್ಕಿಂತ ಇದು ಹಗುರವಾದ ಕೆಲಸ.

ಬೇಲಿಯ ಮೇಲ್ತುದಿಯ ಬಗ್ಗೆ ಇಷ್ಟೊಂದು ಯೋಚಿಸುವವರು ಬುಡವನ್ನು ಮರೆಯುವುದೇ ಹೆಚ್ಚು. ಅವಕಾಶ ಸಿಕ್ಕಿದರೆ ಜಿಂಕೆ ನೆಗೆಯುವುದಕ್ಕಿಂತ ನುಸುಳುವುದನ್ನೇ ಆರಿಸಿಕೊಳ್ಳುತ್ತದೆ. ಒಂದು ಗೇಣಿನಷ್ಟು ಸಂದು ಮರಿಗೆ ಸಾಕು, ಮತ್ತು ತಗ್ಗುದಿಬ್ಬಾದ ನೆಲದಲ್ಲಿ ಇಂಥ ಸಂದುಗಳು ಅಲ್ಲಲ್ಲಿ ಉಳಿದೇ ಇರುತ್ತವೆ. ಬಲೆಯ ಕೆಳ ಅಂಚನ್ನು ಹೊರಮುಖವಾಗಿ ನೆಲಕ್ಕೆ ಮಡಿಸಿ, ಎರಡು ಮೂರು ಅಡಿಗೊಂದರಂತೆ ಕೊಕ್ಕೆಗೂಟಗಳನ್ನು ಹೊಡೆಯಿರಿ. ಬಾಗಿಲು ಬೇಲಿಯಷ್ಟೇ ಎತ್ತರವಾಗಿರಲಿ. ಪ್ಲಾಸ್ಟಿಕ್ ಬಲೆಯಾದರೆ ಅದು ನಸುಕಿನಲ್ಲಿ ಜಿಂಕೆಯ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ, ಎದೆಯ ಮಟ್ಟದಲ್ಲಿ ಬಿಳಿ ಬಟ್ಟೆಯ ಪಟ್ಟಿಗಳನ್ನು ಕಟ್ಟಿ. ಬಲೆಯನ್ನು ಬಿಗಿಯಾಗಿ ಎಳೆದಿರಿ. ಸಡಿಲ ಬಲೆಯಲ್ಲಿ ಜಿಂಕೆಯ ಕೊಂಬೂ ಸಿಕ್ಕಿಕೊಳ್ಳುತ್ತದೆ, ಹಾವೂ ಸಿಕ್ಕಿಕೊಂಡು ಸಾಯುತ್ತದೆ. ವಿದ್ಯುತ್ ಬೇಲಿಯನ್ನು ಆರಿಸಿಕೊಳ್ಳುವುದಾದರೆ, ಅದಕ್ಕೆಂದೇ ತಯಾರಾದ, ಬಿಟ್ಟುಬಿಟ್ಟು ಅಲ್ಪಾವಧಿಯ ಆಘಾತ ಕೊಡುವ ಸಾಧನವನ್ನೇ ಬಳಸಬೇಕು. ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಹರಿಸುವುದು ಪ್ರಾಣಿಗೂ ಮನುಷ್ಯನಿಗೂ ಮರಣಾಂತಿಕ.

ಸಾಬೂನು ಏಕೆ ಫಲ ಕೊಡಲಿಲ್ಲವೆಂದರೆ, ವಾಸನೆಯಿಂದ ಅಪಾಯವೇನೂ ಹುಟ್ಟುವುದಿಲ್ಲವೆಂದು ಜಿಂಕೆ ಬೇಗನೆ ಕಲಿತುಕೊಳ್ಳುತ್ತದೆ. ಕೂದಲು, ಹೊಳೆಯುವ ತಗಡು, ರೇಡಿಯೋ ಮೊದಲಾದವುಗಳ ಹಣೆಬರಹವೂ ಅಷ್ಟೇ. ಸಿಂಪಡಿಸುವ ದ್ರಾವಣಗಳಲ್ಲಿ ಕೊಳೆತ ಮೊಟ್ಟೆಯ ಅಂಶವಿರುವವು ಉಳಿದವುಗಳಿಗಿಂತ ಮೇಲು, ಆದರೆ ಮಳೆ ತೊಳೆದುಹಾಕಿದಾಗಲೆಲ್ಲ ಮತ್ತೆ ಸಿಂಪಡಿಸಬೇಕು, ಸಿಂಪಡಿಸಿದ ಮೇಲೆ ಬಂದ ಹೊಸ ಚಿಗುರಿಗೆ ರಕ್ಷಣೆಯೇ ಇರುವುದಿಲ್ಲ, ಮತ್ತು ಜಿಂಕೆಗೆ ಬೇಕಾದದ್ದು ಆ ಚಿಗುರೇ. ಮೇಲಾಗಿ ನಾವು ತಿನ್ನುವ ಎಲೆಯ ಮೇಲೆ ಅದನ್ನು ಸುರಿಯುವುದರಲ್ಲಿ ಅರ್ಥವಿಲ್ಲ. ಬೇಲಿಯ ಹೊರಗಿನ ಗಿಡಗಳಿಗೆ ಬೇಕಾದರೆ ಬಳಸಿ. ಚಲನೆ ಕಂಡೊಡನೆ ನೀರು ಚಿಮ್ಮುವ ಸಾಧನ ಕೆಲವು ವಾರ ಉಪಯೋಗಕ್ಕೆ ಬರುತ್ತದೆ. ಬೇಲಿ ಕಟ್ಟಿ ಮುಗಿಸುವವರೆಗಿನ ಅವಧಿಗೆ ಅದು ಒಳ್ಳೆಯ ಆಯ್ಕೆ.

ಜಿಂಕೆ ಮುಟ್ಟದ ತರಕಾರಿ ಎಂಬುದಿಲ್ಲ, ಇಷ್ಟಪಡದ ತರಕಾರಿಗಳಿವೆ. ಈರುಳ್ಳಿ, ಬೆಳ್ಳುಳ್ಳಿ, ಪುದೀನ, ಒರಟು ಎಲೆಯ ಕುಂಬಳ ಮತ್ತು ಸೌತೆ, ಸ್ವಲ್ಪಮಟ್ಟಿಗೆ ಬದನೆ ಮತ್ತು ಮೆಣಸಿನ ಗಿಡಗಳು ಅದಕ್ಕೆ ಅಷ್ಟಾಗಿ ಹಿಡಿಸವು. ಹುರುಳಿಕಾಯಿ, ಬಟಾಣಿ, ಸಿಹಿಗೆಣಸಿನ ಬಳ್ಳಿ, ಬೀಟ್‌ರೂಟಿನ ಎಲೆ, ಲೆಟಿಸ್, ಪಾಲಕ್ ಇವುಗಳನ್ನು ಹುಡುಕಿಕೊಂಡು ಬರುತ್ತದೆ. ಟೊಮೆಟೊ ಗಿಡದ ವಾಸನೆಗೆ ಹೆದರುತ್ತದೆಂಬ ಮಾತನ್ನು ನಂಬಬೇಡಿ. ಹಸಿವಿದ್ದಾಗ ಕುಡಿಯನ್ನೂ ಹಣ್ಣನ್ನೂ ತಿನ್ನುತ್ತದೆ. ಆದ್ದರಿಂದ ಒಲ್ಲದ ಗಿಡಗಳ ಮರೆಯಲ್ಲಿ ಒಲಿದದ್ದನ್ನು ಬಚ್ಚಿಡುವ ಯೋಜನೆಗಿಂತ, ಒಲ್ಲದವುಗಳನ್ನು ಬೇಲಿಯ ಹೊರಗೆ ಬೆಳೆದು, ಬೇಲಿಯೊಳಗಿನ ಅಮೂಲ್ಯ ಜಾಗವನ್ನು ಸೊಪ್ಪು ಮತ್ತು ಹುರುಳಿಕಾಯಿಗೆ ಬಿಡುವುದು ಜಾಣತನ. ಚೆಂಡುಹೂವಿನ ಗಿಡ ಅಂದಕ್ಕಿರಲಿ.

ಈಗ ಬೋಳಾಗಿರುವ ಗಿಡಗಳನ್ನು ಅವಸರದಲ್ಲಿ ಕೀಳಬೇಡಿ. ಹುರುಳಿಕಾಯಿಯ ಸಸಿಯಲ್ಲಿ ಬೀಜದಳಗಳೋ ಕನಿಷ್ಠ ಒಂದು ಎಲೆಗಿಣ್ಣೋ ಉಳಿದಿದ್ದರೆ ಅದರ ಕಂಕುಳಿನಿಂದ ಹೊಸ ಕುಡಿ ಒಡೆಯಬಹುದು. ಬೀಜದಳಗಳಿಗಿಂತ ಕೆಳಗೆ ತುಂಡಾಗಿದ್ದರೆ ಮಾತ್ರ ಆಸೆಯಿಲ್ಲ. ಬಟಾಣಿಯ ಬೀಜದಳಗಳು ಮಣ್ಣಿನೊಳಗೇ ಉಳಿಯುವುದರಿಂದ ನೆಲಮಟ್ಟಕ್ಕೆ ಮೇಯ್ದರೂ ಅದು ಮತ್ತೆ ಚಿಗುರಬಲ್ಲದು. ಜಿಂಕೆ ಬಾಯಿ ಹಾಕಿದ ಅಥವಾ ಹಿಕ್ಕೆ ತಗುಲಿದ ಸೊಪ್ಪನ್ನು ಮಾತ್ರ ತೊಳೆದಾದರೂ ತಿನ್ನಬೇಡಿ, ರೋಗಾಣುಗಳಿರಬಹುದು, ಅದನ್ನು ಕಿತ್ತುಹಾಕಿ. ಹೊಸ ಬೀಜ ಬಿತ್ತುವುದಾದರೆ ಮಡಿಯ ಮೇಲೆ ಕಮಾನು ಕಡ್ಡಿಗಳನ್ನು ಊರಿ, ಬಿತ್ತಿದ ದಿನವೇ ಬಲೆ ಹೊದಿಸಿ, ಹೊರಬೇಲಿ ಮುಗಿಯುವವರೆಗೆ ತೆಗೆಯಬೇಡಿ. ಒಮ್ಮೆ ರುಚಿ ಕಂಡ ಜಾಗಕ್ಕೆ ಜಿಂಕೆ ಮರಳಿ ಬರುತ್ತದೆ, ಆದ್ದರಿಂದ ಮೊಳಕೆ ಕಂಡ ಮೇಲೆ ಹೊದಿಸಿದರಾಯಿತು ಎಂದು ಕಾಯುವುದು ಬೇಡ.