ಬಲಕ್ಕೇ ತಿರುಗುವ ಮೊಮ್ಮಗ: ಸಾಗರದ ಅಜ್ಜಿಯೊಬ್ಬರ ಪತ್ರಕ್ಕೆ ಉತ್ತರ

ಸಾಗರದಿಂದ ಒಬ್ಬರು ಅಜ್ಜಿ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಮೊದಲ ಮಗು, ಗಂಡು, ಈಗಷ್ಟೇ ಮೂರು ತಿಂಗಳು ತುಂಬಿದೆ. ಹುಟ್ಟಿದಾಗ ತಲೆ ಚೆನ್ನಾಗಿಯೇ ಇತ್ತು. ಈಗ ಹಿಂಭಾಗದಲ್ಲಿ ಬಲಗಡೆ ಚಪ್ಪಟೆಯಾಗಿದೆ, ಅಲ್ಲಿ ಕೂದಲೂ ಉದುರಿದೆ. ಅವರು ಹೀಗೆ ಬರೆಯುತ್ತಾರೆ: "ನನ್ನ ಮೂರು ಮಕ್ಕಳನ್ನೂ ರಾಗಿ ದಿಂಬಿನ ಮೇಲೆ ಮಲಗಿಸಿದೆ. ಎಣ್ಣೆ ಹಚ್ಚಿ ದಿನಾ ತಲೆ ಒತ್ತಿದೆ. ಮೂವರದ್ದೂ ಗುಂಡು ತಲೆ. ಈಗ ಮಗಳು ದಿಂಬು ಮುಟ್ಟಲು ಬಿಡುವುದಿಲ್ಲ. ಅಂಗಾತವೇ ಮಲಗಿಸಬೇಕು ಅಂತಾಳೆ. ಅಂಗಾತ ಮಲಗಿಸಿಯೇ ಹೀಗಾಯಿತು ಅಂತ ನಾನು. ಅಳಿಯ ತಲೆಯ ಆಕಾರ ತಿದ್ದುವ ಹೆಲ್ಮೆಟ್ ಹಾಕಿಸೋಣ ಅಂತಾರೆ, ಲಕ್ಷದ ಮೇಲೆ ಖರ್ಚಂತೆ. ತೊಟ್ಟಿಲು ನಡುಮನೆಯಲ್ಲಿ ಗೋಡೆ ಪಕ್ಕ ಕಟ್ಟಿದ್ದೇವೆ, ಅಡುಗೆಮನೆಯಿಂದ ಕಾಣಲಿ ಅಂತ. ಅಷ್ಟು ಜೋಪಾನ ಮಾಡಿಯೂ ಹೀಗಾಯಿತಲ್ಲ. ಯಾರ ಮಾತು ಸರಿ?"

ಅಮ್ಮಾ, ನಮಸ್ಕಾರ.

ಮೊದಲು ಸಮಾಧಾನದ ಮಾತು. ಹುಟ್ಟಿದಾಗ ಸರಿಯಾಗಿದ್ದ ತಲೆ ಆಮೇಲೆ ಮಲಗಿ ಮಲಗಿ ಚಪ್ಪಟೆಯಾದರೆ ಅದರಿಂದ ಮಿದುಳಿಗೆ ಪೆಟ್ಟಾಗುವುದಿಲ್ಲ, ಬುದ್ಧಿ ಮಂಕಾಗುವುದಿಲ್ಲ. ಇದು ಅಪರೂಪವೂ ಅಲ್ಲ. ಕೆನಡಾದ ಕ್ಯಾಲ್ಗರಿಯಲ್ಲಿ 7ರಿಂದ 12 ವಾರದ 440 ಮಕ್ಕಳನ್ನು ನೋಡಿದರು, 2013ರಲ್ಲಿ ಅದು ಪ್ರಕಟವಾಯಿತು. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಲ್ಲಿ ಸ್ವಲ್ಪವಾದರೂ ಚಪ್ಪಟೆ ಇತ್ತು. ಅವರಲ್ಲೂ ಬಲಗಡೆ ಚಪ್ಪಟೆಯಾದವರೇ ಜಾಸ್ತಿ. ಹಾಗಾಗಿ ನಿಮ್ಮ ಜೋಪಾನದಲ್ಲಿ ಕೊರತೆ ಹುಡುಕಬೇಡಿ.

ಈಗ ನಿಮ್ಮ ಪ್ರಶ್ನೆ. ಮಲಗಿಸುವ ವಿಷಯದಲ್ಲಿ ಮಗಳ ಮಾತು ಸರಿ. ಆದರೆ ಅಂಗಾತ ಮಲಗಿಸಿಯೇ ಹೀಗಾಯಿತು ಎನ್ನುವುದರಲ್ಲಿ ನಿಮ್ಮ ಮಾತೂ ಅರ್ಧ ನಿಜ. ಹಿಂದೆ ಅಮೆರಿಕ, ಬ್ರಿಟನ್‌ಗಳಲ್ಲಿ ಮಕ್ಕಳನ್ನು ಬೋರಲು ಮಲಗಿಸುವುದೇ ರೂಢಿಯಾಗಿತ್ತು. ಕೆಲವೊಮ್ಮೆ ರಾತ್ರಿ ಚೆನ್ನಾಗಿ ಮಲಗಿದ ಮಗು ಬೆಳಿಗ್ಗೆ ಉಸಿರಿಲ್ಲದೆ ಇರುತ್ತಿತ್ತು. ಕಾರಣ ಗೊತ್ತಾಗುತ್ತಿರಲಿಲ್ಲ. ಬೋರಲು ಮಲಗಿದ ಮಕ್ಕಳಲ್ಲಿ ಇದು ಹೆಚ್ಚು ಎಂದು ಕಂಡ ಮೇಲೆ 1991ರಲ್ಲಿ ಬ್ರಿಟನ್, 1992ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಹಾಗೆ ಮಲಗಿಸುವುದು ಬೇಡ ಎಂದವು. 1994ರಲ್ಲಿ ಅಮೆರಿಕದಲ್ಲಿ ಅಂಗಾತ ಮಲಗಿಸಿ ಎಂಬ ಪ್ರಚಾರ ಜೋರಾಗಿ ಶುರುವಾಯಿತು. ಮುಂದಿನ ಕೆಲವು ವರ್ಷಗಳಲ್ಲಿ ಇಂಥ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು. ಅದೇ ಹೊತ್ತಿಗೆ ಚಪ್ಪಟೆ ತಲೆಯ ಮಕ್ಕಳು ಆಸ್ಪತ್ರೆಗೆ ಹೆಚ್ಚು ಬರತೊಡಗಿದರು. ಎರಡೂ ನಿಜ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗುವುದಿಲ್ಲ. ತಲೆಯ ಆಕಾರ ತಿದ್ದಿಕೊಳ್ಳಬಹುದು. ಆದ್ದರಿಂದ ಹಗಲಾಗಲಿ ರಾತ್ರಿಯಾಗಲಿ, ನಿದ್ದೆ ಎಂದರೆ ಅಂಗಾತವೇ. ಮಗ್ಗುಲಿಗೆ ಬಟ್ಟೆ ಸುರುಳಿ ಕೊಟ್ಟು ಓರೆಯಾಗಿ ಮಲಗಿಸುವುದೂ ಬೇಡ. ಅಲ್ಲಿಂದ ಬೋರಲಾಗಲು ಮಗುವಿಗೆ ಹೆಚ್ಚು ಹೊತ್ತು ಬೇಕಿಲ್ಲ.

ಹಾಗಾದರೆ ತಲೆ ಒಂದೇ ಕಡೆ ಯಾಕೆ ಚಪ್ಪಟೆಯಾಯಿತು? ಕಾರಣ ನೀವೇ ಬರೆದಿದ್ದೀರಿ. ತೊಟ್ಟಿಲ ಒಂದು ಪಕ್ಕ ಗೋಡೆ. ಇನ್ನೊಂದು ಪಕ್ಕ ಅಡುಗೆಮನೆ. ಅಲ್ಲಿ ಬೆಳಕಿದೆ, ಪಾತ್ರೆ ಸದ್ದಿದೆ, ನೀವಿದ್ದೀರಿ, ಅವನ ಅಮ್ಮ ಓಡಾಡುತ್ತಾಳೆ. ಗೋಡೆಯಲ್ಲಿ ನೋಡುವುದಕ್ಕೆ ಏನಿದೆ? ಚಪ್ಪಟೆಯಾಗಿರುವುದು ಬಲಗಡೆ ಅಂದರೆ ಅಡುಗೆಮನೆ ಅವನ ಬಲಕ್ಕಿದೆ ಎಂದೇ ನನ್ನ ಊಹೆ. ಈ ವಯಸ್ಸಿನ ಮಕ್ಕಳು ದಿನಕ್ಕೆ ಸುಮಾರು 14ರಿಂದ 17 ಗಂಟೆ ಮಲಗಿರುತ್ತಾರೆ. ತಲೆಬುರುಡೆ ಒಂದೇ ಮೂಳೆಯಲ್ಲ, ಹಲವು ತೆಳು ಮೂಳೆಗಳು. ನಡುವೆ ಸಂದುಗಳು ಇನ್ನೂ ಕೂಡಿರುವುದಿಲ್ಲ. ಒಳಗೆ ಮಿದುಳು ಎಷ್ಟು ಬೇಗ ಬೆಳೆಯುತ್ತದೆ ಅಂದರೆ, ಮೊದಲ ಮೂರು ತಿಂಗಳು ತಲೆಯ ಸುತ್ತಳತೆ ತಿಂಗಳಿಗೆ ಸುಮಾರು 2 ಸೆಂಟಿಮೀಟರ್ ಹೆಚ್ಚುತ್ತದೆ. ಹಾಸಿಗೆ ಎಲ್ಲಿ ತಡೆಯುತ್ತದೋ ಅಲ್ಲಿ ತಲೆ ಬೆಳೆಯುವುದಿಲ್ಲ, ಉಳಿದ ಕಡೆ ಬೆಳೆಯುತ್ತದೆ. ಒಮ್ಮೆ ಸ್ವಲ್ಪ ಚಪ್ಪಟೆಯಾಯಿತೋ, ತಲೆ ತಾನಾಗಿ ಆ ಕಡೆಗೇ ಹೊರಳಿ ನಿಲ್ಲುತ್ತದೆ.

ತಿದ್ದುವುದೂ ಇದೇ ದಾರಿಯಲ್ಲಿ. ಭಾರ ಬೇರೆ ಕಡೆ ಬೀಳುವಂತೆ ಮಾಡಿದರೆ ಚಪ್ಪಟೆಯಾದ ಜಾಗಕ್ಕೆ ಬೆಳೆಯಲು ಬಿಡುವು ಸಿಗುತ್ತದೆ. ಇವತ್ತೇ ಮಾಡಬಹುದಾದ ಕೆಲಸ ಇದು: ಮಗುವಿನ ತಲೆ ಈಗ ತೊಟ್ಟಿಲ ಯಾವ ತುದಿಗಿದೆಯೋ ಅಲ್ಲಿ ಕಾಲು ಬರಲಿ, ಕಾಲಿದ್ದಲ್ಲಿ ತಲೆ ಬರಲಿ. ತೊಟ್ಟಿಲು ಕದಲಿಸುವುದೇ ಬೇಡ. ಅಡುಗೆಮನೆ ಈಗ ಅವನ ಎಡಕ್ಕೆ ಬಂತು. ನಿಮ್ಮ ದನಿ ಕೇಳಿದಾಗಲೆಲ್ಲ ಅವನೇ ಎಡಕ್ಕೆ ತಿರುಗುತ್ತಾನೆ. ಗಿಲಕಿ, ಬಣ್ಣದ ಬಟ್ಟೆ ಏನಿದ್ದರೂ ಎಡಗಡೆಯೇ ತೋರಿಸಿ. ಪೂರ್ತಿ ನಿದ್ದೆ ಹತ್ತಿದ ಮೇಲೆ ತಲೆಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿ. ಎಚ್ಚರಾಗಿ ವಾಪಸ್ ತಿರುಗಿದರೆ ಸುಮ್ನೆ ಬಿಟ್ಟುಬಿಡಿ, ಜಗ್ಗಾಡಬೇಡಿ.

ಎತ್ತಿಕೊಳ್ಳುವುದನ್ನೂ ಸ್ವಲ್ಪ ಗಮನಿಸಿ. ನಮ್ಮಲ್ಲಿ ಬಹಳ ಜನ ಬಲಗೈ ಕೆಲಸಕ್ಕೆ ಬೇಕೆಂದು ಮಗುವನ್ನು ಎಡತೋಳಿನ ಮೇಲೆ ಮಲಗಿಸಿಕೊಳ್ಳುತ್ತಾರೆ. ಹಾಗೆ ಹಿಡಿದಾಗ ಮಗು ನಮ್ಮ ಮುಖ ನೋಡಬೇಕಾದರೆ ಬಲಕ್ಕೇ ತಿರುಗಬೇಕು. ಕೆಲವು ವಾರ ಬಲತೋಳಿನ ಮೇಲೆ ಹಿಡಿಯಿರಿ. ಹೆಗಲ ಮೇಲೆ ನೆಟ್ಟಗೆ ಹಾಕಿಕೊಂಡರೆ ಇನ್ನೂ ಒಳ್ಳೆಯದು, ತಲೆಗೆ ಯಾವ ಕಡೆಯೂ ಒತ್ತಡವಿಲ್ಲ. ಎದೆಹಾಲು ಎರಡೂ ಕಡೆ ಕುಡಿಸುವುದರಿಂದ ಅಲ್ಲಿ ಬದಲಾವಣೆ ಸಿಕ್ಕೇ ಸಿಗುತ್ತದೆ.

ಇನ್ನು ಬೋರಲು ಹಾಕುವುದು. ಡಾಕ್ಟರು ಇದನ್ನು ಟಮ್ಮಿ ಟೈಮ್ ಎನ್ನುತ್ತಾರೆ. ಮಗು ಎಚ್ಚರವಿದ್ದಾಗ, ಪಕ್ಕದಲ್ಲಿ ಒಬ್ಬರು ಇದ್ದೇ ಇರಬೇಕು. ಇನ್ನೂ ತೆವಳಲು ಬಾರದ ಮಕ್ಕಳಿಗೆ ಇಡೀ ದಿನದಲ್ಲಿ ಎಲ್ಲ ಸೇರಿ ಕನಿಷ್ಠ 30 ನಿಮಿಷ ಹೀಗೆ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಒಂದೇ ಸಲ ಅಷ್ಟು ಹೊತ್ತು ಬೇಡ. ಎರಡು ಮೂರು ನಿಮಿಷದಿಂದ ಶುರುಮಾಡಿ. ಅತ್ತರೆ ಎತ್ತಿಕೊಳ್ಳಿ, ಇನ್ನೊಂದು ಹೊತ್ತಿಗೆ ಮತ್ತೆ ಹಾಕಿ. ಹಾಲು ಕುಡಿದ ತಕ್ಷಣ ಮಾತ್ರ ಬೇಡ.

ಇದು ನಿಮಗೆ ಹೊಸತೇನಲ್ಲ. ಎಣ್ಣೆ ನೀರು ಹಾಕುವಾಗ ಎರಡೂ ಕಾಲು ನೀಡಿ ಕೂತು, ಮಗುವನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನು ನೀವುತ್ತೀರಲ್ವಾ? ಆಗ ಅವನು ಕತ್ತು ಎತ್ತಿ ಪಕ್ಕಕ್ಕೆ ನೋಡಲು ಒದ್ದಾಡುತ್ತಾನಲ್ಲ, ಅದೇ ಕತ್ತಿಗೂ ಹೆಗಲಿಗೂ ಆಗಬೇಕಾದ ಕಸರತ್ತು. ನೀರು ಹಾಕುವ ಮುಂಚೆ, ಒಣ ಮೈಯಲ್ಲಿ, ಅದೇ ಕಾಲಮೇಲೆ ಇನ್ನೊಂದಿಷ್ಟು ಹೊತ್ತು ಬಿಡಿ. ಮಗಳನ್ನು ಎಡಗಡೆ ಕೂರಿಸಿ ಮಾತಾಡಿಸಲು ಹೇಳಿ. ಮಗಳು ಅಂಗಾತ ಹಾಕುವುದನ್ನು ನೋಡಿಕೊಳ್ಳಲಿ, ಎಚ್ಚರದ ಹೊತ್ತು ನಿಮ್ಮ ಪಾಲಿಗಿರಲಿ. ನಿಮ್ಮ ಮೂವರು ಮಕ್ಕಳ ತಲೆ ಗುಂಡಗಾದದ್ದರಲ್ಲಿ ಇಂಥ ಎತ್ತಿ ಆಡಿಸುವಿಕೆಯ ಪಾಲು ದೊಡ್ಡದು ಎಂದು ನಾನು ನಂಬುತ್ತೇನೆ.

ರಾಗಿ ದಿಂಬಿನ ಪಾಲಲ್ಲ. ಒತ್ತಿದ್ದರ ಪಾಲೂ ಅಲ್ಲ. ಬೇಜಾರಾಗಬೇಡಿ, ವಿವರಿಸುತ್ತೇನೆ. ಸಹಜ ಹೆರಿಗೆಯಲ್ಲಿ ಇಕ್ಕಟ್ಟಿನ ದಾರಿಯಲ್ಲಿ ಬರುವಾಗ ಮಗುವಿನ ತಲೆ ಉದ್ದಕ್ಕಾಗಿರುತ್ತದೆ. ಕೆಲವು ದಿನಗಳಲ್ಲಿ ಅದು ತಾನಾಗಿ ಗುಂಡಗಾಗುತ್ತದೆ. ಅದೇ ದಿನಗಳಲ್ಲಿ ನಾವು ತಲೆ ಒತ್ತುತ್ತಿರುತ್ತೇವೆ, ಆ ಹೆಸರು ನಮ್ಮ ಕೈಗೆ ಬರುತ್ತದೆ. ಹತ್ತು ನಿಮಿಷದ ಒತ್ತಡ ಹದಿನೈದು ಗಂಟೆಯ ಭಾರವನ್ನು ಗೆಲ್ಲುವುದಿಲ್ಲ. ಎಣ್ಣೆ ಸವರಿ, ಪರವಾಗಿಲ್ಲ. ನೆತ್ತಿ ಒತ್ತಬೇಡಿ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವ ಅಭ್ಯಾಸವಿದ್ದರೆ ಅದನ್ನೂ ನಿಲ್ಲಿಸಿ.

ದಿಂಬಿನ ವಿಷಯದಲ್ಲಿ ನಾನು ಸಡಿಲ ಬಿಡಲಾರೆ. ರಾಗಿಯದಾಗಲಿ, ಸಾಸಿವೆಯದಾಗಲಿ, ಅಂಗಡಿಯಲ್ಲಿ ಸಿಗುವ ನಡುವೆ ತೂತಿರುವ ದಿಂಬಾಗಲಿ, ಒಂದು ವರ್ಷದವರೆಗೆ ಬೇಡ. ಎಳೆ ಮಗುವಿನ ತಲೆ ದಿಂಬಿನ ಮೇಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ತಾಕಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಮುಖ ದಿಂಬಿಗೆ ಹೂತುಕೊಂಡರೆ ಬಿಡಿಸಿಕೊಳ್ಳಲು ಅವನಿಗೆ ಶಕ್ತಿಯಿಲ್ಲ. ತಲೆಯ ಆಕಾರ ಸರಿಮಾಡುತ್ತವೆ ಎಂದು ಮಾರುವ ದಿಂಬುಗಳನ್ನು ಬಳಸಲೇಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ನವೆಂಬರ್‌ನಲ್ಲಿ ಎಚ್ಚರಿಸಿತು. ಹಾಗೆಯೇ ಸೀರೆ ಜೋಳಿಗೆಯಲ್ಲಿ ರಾತ್ರಿಯಿಡೀ ಮಲಗಿಸಬೇಡಿ, ಅಲ್ಲೂ ಬೆನ್ನು ಬಾಗಿ ಗಲ್ಲ ಎದೆಗೆ ಬರುತ್ತದೆ. ಸಮತಟ್ಟಾದ, ಗಟ್ಟಿ ಹಾಸಿಗೆಯೇ ಸರಿ.

ಒಂದು ಪರೀಕ್ಷೆ ಹೇಳುತ್ತೇನೆ, ಮಾಡಿ ನೋಡಿ. ಸ್ನಾನವಾದ ಮೇಲೆ ಕೂದಲು ಒದ್ದೆಯಾಗಿ ಅಂಟಿಕೊಂಡಿರುವಾಗ ಮಗಳು ಅವನನ್ನು ಮಡಿಲಲ್ಲಿ ಕೂರಿಸಿಕೊಳ್ಳಲಿ. ನೀವು ನಿಂತು ನೆತ್ತಿಯ ಮೇಲಿಂದ ನೇರ ಕೆಳಗೆ ನೋಡಿ. ಮೂಗು ಮುಂದಕ್ಕಿರಲಿ. ಎರಡು ಕಿವಿಗಳು ಒಂದೇ ಗೆರೆಯಲ್ಲಿವೆಯೇ? ಮಲಗಿ ಚಪ್ಪಟೆಯಾದ ತಲೆಯಾದರೆ ಬಲಗಿವಿ ಎಡಗಿವಿಗಿಂತ ಸ್ವಲ್ಪ ಮುಂದಕ್ಕೆ ತಳ್ಳಿದಂತಿರುತ್ತದೆ, ಬಲಗಡೆಯ ಹಣೆಯೂ ಕೊಂಚ ಮುಂದಿರುತ್ತದೆ. ಇದೇ ಕೋನದಿಂದ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಹದಿನೈದು ದಿನಕ್ಕೊಮ್ಮೆ ಹೀಗೆ ತೆಗೆಯಿರಿ. ದಿನಾ ನೋಡುವ ಕಣ್ಣಿಗೆ ಗೊತ್ತಾಗದ ಬದಲಾವಣೆ ಫೋಟೋದಲ್ಲಿ ಗೊತ್ತಾಗುತ್ತದೆ.

ಬಲಗಿವಿ ಹಿಂದಕ್ಕೆ ಎಳೆದಂತಿದ್ದರೆ, ಅಥವಾ ಮೂಳೆಯ ಸಂದಿನುದ್ದಕ್ಕೂ ಕೈಗೆ ಗಟ್ಟಿ ಏಣು ಸಿಕ್ಕರೆ, ತಡಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಸುಮಾರು 2000ದಿಂದ 2500 ಮಕ್ಕಳಲ್ಲಿ ಒಬ್ಬರಿಗೆ ಬುರುಡೆಯ ಸಂದು ಬೇಗ ಕೂಡಿಕೊಂಡಿರುತ್ತದೆ. ಅದು ಬೇರೆಯೇ ಸಮಸ್ಯೆ, ಸಾಮಾನ್ಯವಾಗಿ ಆಪರೇಷನ್ ಬೇಕಾಗುತ್ತದೆ, ಸಮಯಕ್ಕೆ ಮಾಡಿಸಬೇಕು. ನೆತ್ತಿ ಉಬ್ಬಿದ್ದರೂ, ತಲೆ ಬೆಳೆಯುತ್ತಲೇ ಇಲ್ಲ ಅನ್ನಿಸಿದರೂ ಕಾಯಬೇಡಿ. ನಿಮ್ಮ ಮೊಮ್ಮಗನ ತಲೆ ಹುಟ್ಟಿದಾಗ ಸರಿಯಿತ್ತು ಎಂದಿರುವುದರಿಂದ ಹಾಗಿರಲಾರದು ಅನ್ನಿಸುತ್ತದೆ. ಆದರೂ ಪತ್ರ ಓದಿ ಖಚಿತ ಮಾಡುವ ವಿಷಯ ಇದಲ್ಲ.

ನನಗೆ ಹೆಚ್ಚು ಅನುಮಾನ ಇರುವುದು ಕತ್ತಿನ ಮೇಲೆ. ಕೆಲವು ಮಕ್ಕಳಿಗೆ ಕತ್ತಿನ ಒಂದು ಪಕ್ಕದ ಸ್ನಾಯು ಬಿಗಿಯಾಗಿರುತ್ತದೆ. ಎಡಗಡೆಯದು ಬಿಗಿಯಿದ್ದರೆ ತಲೆ ಎಡಭುಜಕ್ಕೆ ವಾಲಿ, ಗಲ್ಲ ಬಲಕ್ಕೆ ತಿರುಗುತ್ತದೆ. ಆ ಮಗುವಿಗೆ ಎಡಕ್ಕೆ ತಿರುಗಬೇಕೆಂದರೂ ಆಗುವುದಿಲ್ಲ. ಅವನು ಖುಷಿಯಾಗಿರುವಾಗ ನಿಮ್ಮ ಮುಖವನ್ನು ಬಲದಿಂದ ಎಡಕ್ಕೆ ನಿಧಾನ ಸರಿಸಿ. ಎರಡೂ ಕಡೆ ಅಷ್ಟೇ ಸಲೀಸಾಗಿ ಹಿಂಬಾಲಿಸಿದರೆ ಒಳ್ಳೆಯದು. ಎಡಕ್ಕೆ ಅರ್ಧಕ್ಕೇ ನಿಂತು ಕಣ್ಣು ಮಾತ್ರ ಹೊರಳಿಸಿದರೆ ಡಾಕ್ಟರಿಗೆ ಹೇಳಿ. ಫಿಸಿಯೋಥೆರಪಿಯವರು ಕತ್ತು ಸಡಿಲಿಸುವ ವ್ಯಾಯಾಮ ಕಲಿಸಿಕೊಡುತ್ತಾರೆ. ಬೇಗ ಶುರುಮಾಡಿದಷ್ಟೂ ಬೇಗ ಗುಣ. ನೀವಾಗಿ ಕತ್ತು ತಿರುಚಲು ಹೋಗಬೇಡಿ.

ಹೆಲ್ಮೆಟ್ ಬಗ್ಗೆ ಅಳಿಯಂದಿರಿಗೆ ಇದನ್ನು ಓದಿ ಹೇಳಿ. ನೆದರ್ಲೆಂಡ್ಸ್‌ನಲ್ಲಿ ಐದಾರು ತಿಂಗಳಿನ, ತಲೆ ಸಾಕಷ್ಟು ಚಪ್ಪಟೆಯಿದ್ದ 84 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರು ತಿಂಗಳು, ದಿನಕ್ಕೆ 23 ಗಂಟೆ ಹೆಲ್ಮೆಟ್. ಇನ್ನೊಂದು ಗುಂಪಿಗೆ ಏನೂ ಇಲ್ಲ. ಎರಡು ವರ್ಷ ತುಂಬಿದಾಗ ಅಳೆದು ನೋಡಿದರೆ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಬಂತು. ಎರಡೂ ಗುಂಪಿನಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮಗುವಿನ ತಲೆ ಮಾತ್ರ ಪೂರ್ತಿ ಸಮವಾಗಿತ್ತು ಎನ್ನುವುದನ್ನೂ ಹೇಳಬೇಕು. ಉಳಿದವರಿಗೆ ಸ್ವಲ್ಪ ಓರೆ ಉಳಿಯಿತು. ಕತ್ತು ಬಿಗಿಯಿದ್ದ ಮಕ್ಕಳನ್ನು ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ. ತುಂಬಾ ತೀವ್ರವಾಗಿ ಓರೆಯಾದ ತಲೆಗೆ ಹೆಲ್ಮೆಟ್ ಬೇಕೆಂದು ಹೇಳುವ ಡಾಕ್ಟರುಗಳಿದ್ದಾರೆ, ಆ ಮಾತು ಬಂದರೆ ಆಗ ಯೋಚಿಸಿ. ಮೂರು ತಿಂಗಳಿಗೇ ಸಾಲ ಮಾಡಿ ಹೆಲ್ಮೆಟ್ ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ. ಆರು ತಿಂಗಳ ಹೊತ್ತಿಗೆ ಅವನೇ ಹೊರಳುತ್ತಾನೆ, ಆಮೇಲೆ ಕೂರುತ್ತಾನೆ, ತಲೆ ಹಾಸಿಗೆಗೆ ತಾಕಿರುವ ಹೊತ್ತೇ ಕಡಿಮೆಯಾಗುತ್ತದೆ. ಉಳಿದ ಸಣ್ಣ ಓರೆಯನ್ನು ಕೂದಲು ಮುಚ್ಚುತ್ತದೆ.

14 ವಾರದ ಲಸಿಕೆಗೆ ಈಗ ಸಮಯವಾಗಿದೆ. ಆವತ್ತು ತಾಯಿ ಕಾರ್ಡ್ ಜೊತೆಗೆ ಆ ಫೋಟೋಗಳನ್ನೂ ಒಯ್ಯಿರಿ. ತಲೆಯ ಸುತ್ತಳತೆ ಅಳೆದು ಬರೆಯಲು ಕೇಳಿ, ಕತ್ತು ನೋಡಲು ಕೇಳಿ. ಕೇಳದಿದ್ದರೆ ಗಡಿಬಿಡಿಯಲ್ಲಿ ಸೂಜಿ ಹಾಕಿ ಕಳಿಸಿಬಿಡುತ್ತಾರೆ. ಅಲ್ಲಿ ಮಕ್ಕಳ ಡಾಕ್ಟರ್ ಇಲ್ಲದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗಿ. ಮಗಳು ಬೆಂಗಳೂರಿಗೋ ಇನ್ನೆಲ್ಲಿಗೋ ಗಂಡನ ಮನೆಗೆ ಹೊರಟಾಗ ತೊಟ್ಟಿಲ ದಿಕ್ಕು, ಬಲತೋಳು, ಬೋರಲು ಹಾಕುವ ಹೊತ್ತು, ಮೂರನ್ನೂ ಅಲ್ಲಿ ಮಗು ನೋಡಿಕೊಳ್ಳುವವರಿಗೆ ನೀವೇ ಫೋನಿನಲ್ಲಿ ಹೇಳಿಬಿಡಿ. ಕಾರ್ ಸೀಟ್, ಬೌನ್ಸರ್ ಎನ್ನುವ ಒರಗು ಕುರ್ಚಿಯಲ್ಲಿ ಗಂಟೆಗಟ್ಟಲೆ ಕೂರಿಸುವುದು ಬೇಡ ಎಂಬುದನ್ನೂ ಸೇರಿಸಿ, ಅಲ್ಲೂ ತಲೆ ಅದೇ ಜಾಗಕ್ಕೆ ಒರಗುತ್ತದೆ.

— ಸಂಪಾದಕಿ